ಕೈಲೆಕ್ಕದಲ್ಲಿ ಸಿಕ್ಕ 39 ಅಂಕಿ: ಎದ್ವಾರ್ ಲ್ಯೂಕಾ

ಲ್ಯಾಬ್‌ನಲ್ಲಿ ರಿಕರ್ಷನ್ ಶುರುವಾದ ಕೂಡಲೇ ಎದುರಾಗೋದು ಟವರ್ ಆಫ್ ಹನೋಯ್. ಪ್ರೋಗ್ರಾಂ ಬರೆದು, ಔಟ್‌ಪುಟ್ ತೋರಿಸಿ, ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡ ಮೇಲೆ ಮರೆತುಬಿಡ್ತೀವಿ. ಆ ಆಟವನ್ನು 1883ರಲ್ಲಿ ಹೊರತಂದದ್ದು ಫ್ರಾನ್ಸಿನ ಒಬ್ಬ ಗಣಿತದ ಮೇಷ್ಟ್ರು, ಎದ್ವಾರ್ ಲ್ಯೂಕಾ. ಆಟಕ್ಕೆ ಸ್ವಂತ ಹೆಸರು ಹಾಕದೆ, ತನ್ನ ಹೆಸರು ಮತ್ತು ಊರಿನ ಅಕ್ಷರಗಳನ್ನೇ ಕಲಸಿ ಸಯಾಮ್‌ನ ಎನ್. ಕ್ಲಾಸ್ ಅಂತ ಹಾಕಿದ್ದ.

ಲ್ಯೂಕಾ ಹುಟ್ಟಿದ್ದು 1842ರ ಏಪ್ರಿಲ್ 4ರಂದು, ಅಮಿಯಾಂ ಪಟ್ಟಣದಲ್ಲಿ. ಓದು ಮುಗಿದ ಮೇಲೆ ಪ್ಯಾರಿಸ್ ವೀಕ್ಷಣಾಲಯದಲ್ಲಿ ಕೆಲಸ. 1870ರಲ್ಲಿ ಪ್ರಷ್ಯಾ ಜೊತೆ ಯುದ್ಧ ಬಂದಾಗ ಫಿರಂಗಿ ದಳದ ಅಧಿಕಾರಿ. ಆಮೇಲೆ ಕೊನೇವರೆಗೂ ಪಾಠ ಹೇಳೋದೇ ವೃತ್ತಿ.

ಆತನ ದೊಡ್ಡ ಸಾಹಸ 1876ರದು. 2ರ 127ನೇ ಘಾತದಲ್ಲಿ 1 ಕಳೆದರೆ ಬರೋದು 170141183460469231731687303715884105727. ಇದು ಅವಿಭಾಜ್ಯ ಅಂತ ಮರ್ಸೆನ್ 1644ರಲ್ಲೇ ಹೇಳಿದ್ದ, ಆದರೆ ಪ್ರೂಫ್ ಇರಲಿಲ್ಲ. ಒಂದೊಂದೇ ಸಂಖ್ಯೆಯಿಂದ ಭಾಗಿಸ್ತಾ ಕೂತರೆ ಕೋಟಿ ವರ್ಷವೂ ಸಾಲದು. ಲ್ಯೂಕಾ ಭಾಗಿಸಲು ಹೋಗಲೇ ಇಲ್ಲ.

ಆತನ ದಾರಿಯನ್ನು ಇವತ್ತಿನ ರೂಪದಲ್ಲಿ ಹೇಳೋದಾದರೆ: 4ರಿಂದ ಶುರು ಮಾಡಿ, ವರ್ಗ ಮಾಡಿ 2 ಕಳೆಯಿರಿ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಘಾತ 5 ಆದರೆ ಸಂಖ್ಯೆ 31. 4 ಆದಮೇಲೆ 14, ಆಮೇಲೆ 194, ಅದರ ಶೇಷ 8. 8ರ ವರ್ಗದಲ್ಲಿ 2 ಕಳೆದರೆ 62, ಶೇಷ ಸೊನ್ನೆ. ಘಾತಕ್ಕಿಂತ 2 ಕಡಿಮೆ ಹೆಜ್ಜೆಯಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬರದಿದ್ದರೆ ಅಲ್ಲ. 127ಕ್ಕೆ 125 ಹೆಜ್ಜೆ, ಅಷ್ಟೇ. ಬೈನರಿಯಲ್ಲಿ ಶೇಷ ತೆಗೆಯೋಕೆ ಭಾಗಾಕಾರವೂ ಬೇಡ: 127 ಬಿಟ್ ದಾಟಿದ ಭಾಗವನ್ನು ಕತ್ತರಿಸಿ ಕೆಳಗಿನ ಭಾಗಕ್ಕೆ ಕೂಡಿಸಿದರೆ ಆಯ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಬೈನರಿ!

ಇದೇ ದಾರಿಯಲ್ಲಿ ಮರ್ಸೆನ್ ಪಟ್ಟಿಯ 67 ತಪ್ಪು ಅಂತಲೂ ತೋರಿಸಿದ. ಒಂದು ಅಪವರ್ತನವನ್ನೂ ಕಂಡುಹಿಡಿಯದೆ! ಅಪವರ್ತನಗಳು ಸಿಕ್ಕಿದ್ದು 1903ರಲ್ಲಿ.

1891ರಲ್ಲಿ ಒಂದು ಔತಣದಲ್ಲಿ ಬಡಿಸುವವನ ಕೈಜಾರಿ ತಟ್ಟೆ ಒಡೆಯಿತು. ಸಿಡಿದ ಚೂರು ಲ್ಯೂಕಾನ ಕೆನ್ನೆ ಸೀಳಿತು. ಗಾಯಕ್ಕೆ ಸೋಂಕು ತಗಲಿ ಅಕ್ಟೋಬರ್ 3ರಂದು ತೀರಿಕೊಂಡ. ವಯಸ್ಸು 49. ಸಂಖ್ಯಾ ಸಿದ್ಧಾಂತದ ಬಗ್ಗೆ ಬರೆದ ಪುಸ್ತಕದ ಮೊದಲ ಸಂಪುಟ ಅದೇ ವರ್ಷ ಬಂದಿತ್ತು, ಎರಡನೆಯದು ಬರಲೇ ಇಲ್ಲ.

ಲ್ಯೂಕಾ ಅರ್ಧಂಬರ್ಧ ಬಿಟ್ಟಿದ್ದ ಪ್ರೂಫ್‌ಗಳನ್ನು 1930ರ ಸುಮಾರಿಗೆ ಅಮೆರಿಕದ ಲೆಹ್ಮರ್ ಗಟ್ಟಿಮಾಡಿದರು. 2024ರಲ್ಲಿ ಸಿಕ್ಕ 4 ಕೋಟಿಗೂ ಹೆಚ್ಚು ಅಂಕಿಗಳ ಅವಿಭಾಜ್ಯವನ್ನು ಖಚಿತಪಡಿಸಿದ್ದು ಇದೇ ಲ್ಯೂಕಾ-ಲೆಹ್ಮರ್ ಪರೀಕ್ಷೆ. ಆತನ 39 ಅಂಕಿಯ ದಾಖಲೆ ಮುರಿಯೋಕೆ 1951ರವರೆಗೆ ಕಾಯಬೇಕಾಯ್ತು.

ಇನ್ನೊಂದು ಮಾತು. ಹನೋಯ್ ಆಟದಲ್ಲಿ ಬಿಲ್ಲೆ ಎಷ್ಟಿದೆಯೋ 2ನ್ನು ಅಷ್ಟು ಘಾತಕ್ಕೇರಿಸಿ 1 ಕಳೆದರೆ ಕನಿಷ್ಠ ನಡೆಗಳ ಲೆಕ್ಕ ಸಿಗುತ್ತೆ. 127 ಬಿಲ್ಲೆ ಇಟ್ಟರೆ ಬರೋದು ಲ್ಯೂಕಾನ ಅದೇ ಅವಿಭಾಜ್ಯ ಸಂಖ್ಯೆ. ಮುಂದಿನ ಲ್ಯಾಬ್ ವೈವಾದಲ್ಲಿ ಕೇಳಿದರೆ ಹೇಳಿ.