ಭಾಸ್ಕರಾಚಾರ್ಯರೂ ನಿಲ್ಲದ ಚಕ್ರವೂ

ವಿಜಯಪುರದ ತಿಕೋಟಾ ಸೀಮೆಯ ಘೋಣಸಗಿಯಲ್ಲಿ ನನ್ನ ಬಾಲ್ಯದ ಕೆಲವು ವರ್ಷಗಳು ಕಳೆದವು. ಮುಂಗಾರಿನ ಮೊದಲ ಮಳೆ ಬಿದ್ದ ಒಂದು ಸಂಜೆ ಗೊಬ್ಬರ ಹೇರಿದ ನಮ್ಮ ಚಕ್ಕಡಿ ಎರೆಮಣ್ಣಿನಲ್ಲಿ ಅಚ್ಚಿನವರೆಗೂ ಹೂತುಹೋಯಿತು. ಎತ್ತುಗಳು ನೊಗಕ್ಕೆ ಹೆಗಲೊತ್ತಿ ಜಗ್ಗಿದವು, ಚಕ್ಕಡಿ ಮಿಸುಕಲಿಲ್ಲ. ಕಾಕಾ ಇಳಿದು ಗಾಲಿಗೆ ಹೆಗಲು ಕೊಟ್ಟೊಡನೆ ಅದು ಚಲಿಸಿತು. ಜೋಡೆತ್ತುಗಳಿಗೆ ಆಗದ್ದು ಒಬ್ಬ ಮನುಷ್ಯನಿಗೆ ಹೇಗೆ ಸಾಧ್ಯವಾಯಿತೆಂದು ಅಂದು ನಾನು ಬೆರಗಾದೆ. ನಿಂತ ಚಕ್ಕಡಿಯ ಮೇಲೆ ಬಲವೇ ಇರಲಿಲ್ಲವೆಂದಲ್ಲ, ಎತ್ತುಗಳ ಎಳೆತವನ್ನು ಕೆಸರಿನ ಹಿಡಿತ ಸರಿಗಟ್ಟಿತ್ತು, ಕಾಕಾನ ಹೆಗಲು ಆ ಸಮತೋಲವನ್ನು ಮುರಿಯಿತು ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಮುಂದೆ ಶಿಕ್ಷಕನಾಗಿ ಬಲ ಮತ್ತು ಚಲನೆಯ ಪಾಠವನ್ನು ಹೇಳುವಾಗಲೆಲ್ಲ ನಾನು ಭಾಸ್ಕರಾಚಾರ್ಯರನ್ನು ಸ್ಮರಿಸುತ್ತಿದ್ದೆ. ಅವರು ಹುಟ್ಟಿದ್ದು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ಸಹ್ಯಾದ್ರಿಯನ್ನು ಆಶ್ರಯಿಸಿದ ವಿಜ್ಜಡವಿಡವೆಂಬ ಪುರ ತಮ್ಮ ಊರೆಂದು ಅವರೇ ತಿಳಿಸಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಕೆಲವು ವಿದ್ವಾಂಸರ ಮತ. ಖಾನದೇಶದ ಪಾಟಣದ ಶಾಸನವನ್ನು ಮುಂದಿಟ್ಟು ಆ ಕಡೆಗೇ ಹುಡುಕುವವರೂ ಇದ್ದಾರೆ. ಈ ಜಿಲ್ಲೆಯವನಾದ ನನಗೆ ಮೊದಲನೆಯ ಮತವೇ ಪ್ರಿಯ. ಆದರೆ ಪ್ರಿಯವಾದದ್ದೆಲ್ಲ ಪ್ರಮಾಣವಾಗದು.

ತಂದೆ ಮಹೇಶ್ವರರೇ ಅವರಿಗೆ ಗುರುಗಳು. 36ನೆಯ ವಯಸ್ಸಿನಲ್ಲಿ, 1150ರಲ್ಲಿ, ಅವರು ಸಿದ್ಧಾಂತ ಶಿರೋಮಣಿಯನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬುವು ಅದರ ನಾಲ್ಕು ಭಾಗಗಳು. ಎಪ್ಪತ್ತರ ಹೊಸ್ತಿಲಲ್ಲಿಯೂ ಲೆಕ್ಕವನ್ನು ಬಿಡದೆ 1183ರಲ್ಲಿ ಕರಣಕುತೂಹಲವನ್ನು ಬರೆದರು. ಅವರ ಗ್ರಂಥಗಳನ್ನು ಕಲಿಸಲೆಂದು ಮೊಮ್ಮಗ ಚಾಂಗದೇವನು ಮಠವನ್ನು ಸ್ಥಾಪಿಸಿದ ಸಂಗತಿಯನ್ನು 1207ರ ಪಾಟಣದ ಶಾಸನ ಹೇಳುತ್ತದೆ.

ಗೋಲಾಧ್ಯಾಯದಲ್ಲಿ ಆಚಾರ್ಯರು ಒಂದು ಹಳೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡರು: ಭೂಮಿ ಏಕೆ ಬೀಳುವುದಿಲ್ಲ? ಅದನ್ನು ಹೊತ್ತವರೊಬ್ಬರು ಇದ್ದರೆ ಅವರನ್ನು ಹೊತ್ತವರಾರು? ಕೊನೆಗೊಬ್ಬರು ತಮ್ಮ ಶಕ್ತಿಯಿಂದಲೇ ನಿಲ್ಲಬಲ್ಲರೆಂದು ಒಪ್ಪುವುದಾದರೆ ಆ ಶಕ್ತಿಯನ್ನು ಭೂಮಿಗೇ ಏಕೆ ಒಪ್ಪಬಾರದು? ಭೂಮಿಗೆ ಆಕರ್ಷಣಶಕ್ತಿಯಿದೆ, ಆಕಾಶದಲ್ಲಿರುವ ಭಾರವಸ್ತುವನ್ನು ಅದು ತನ್ನತ್ತ ಸೆಳೆಯುವುದರಿಂದಲೇ ಆ ವಸ್ತು ಬೀಳುವಂತೆ ತೋರುತ್ತದೆ, ಸುತ್ತಲೂ ಆಕಾಶ ಸಮವಾಗಿರುವಾಗ ಭೂಮಿ ತಾನು ಬೀಳುವುದಕ್ಕೆ ದಿಕ್ಕೇ ಇಲ್ಲ. ಇದು ಅವರ ತರ್ಕದ ಸಾರ. ಒಂದು ಕಡೆಗೆ ಹೆಚ್ಚಿನ ಸೆಳೆತವಿಲ್ಲದಿದ್ದರೆ ನಿಂತ ವಸ್ತು ಆ ಕಡೆಗೆ ಹೊರಡಲಾರದೆಂಬ ವಿವೇಕ ಇದರಲ್ಲಿ ಅಡಗಿದೆ.

ನನ್ನ ಪಾಠ ಇಲ್ಲಿಗೇ ಮುಗಿಯುತ್ತಿತ್ತು. ಅದೇ ಗೋಲಾಧ್ಯಾಯದ ಯಂತ್ರಗಳ ಪ್ರಕರಣವನ್ನು ನಾನು ಬೇಕೆಂದೇ ಬಿಡುತ್ತಿದ್ದೆ. ಅಲ್ಲೊಂದು ಮರದ ಚಕ್ರವಿದೆ. ಅದರ ಪೊಳ್ಳಾದ, ತುಸು ಬಾಗಿದ ಅರಗಳಲ್ಲಿ ಅರ್ಧದಷ್ಟು ಪಾದರಸವನ್ನು ತುಂಬಿ ಬಾಯಿ ಮುಚ್ಚಿದರೆ ಚಕ್ರ ತಾನಾಗಿಯೇ ತಿರುಗುತ್ತಿರುವುದೆಂದು ಆಚಾರ್ಯರು ಬರೆದಿದ್ದಾರೆ. ಅಂಥ ಚಕ್ರವನ್ನು 628ರಲ್ಲಿಯೇ ಬ್ರಹ್ಮಗುಪ್ತರೂ ವರ್ಣಿಸಿದ್ದರು.

ಒಂದು ವರ್ಷ ನನ್ನ ವಿದ್ಯಾರ್ಥಿಯೊಬ್ಬನು ಅದನ್ನು ಎಲ್ಲಿಯೋ ಓದಿ, ಸೈಕಲ್ಲಿನ ಗಾಲಿಗೆ ಅರ್ಧ ನೀರು ತುಂಬಿದ ಶೀಶೆಗಳನ್ನು ಓರೆಯಾಗಿ ಕಟ್ಟಿ ತಂದನು. ಗಾಲಿ ಕೆಲವು ಸುತ್ತು ತಿರುಗಿ, ನಿಧಾನವಾಗಿ, ಹಿಂದುಮುಂದಕ್ಕೆ ತೂಗಿ, ನಿಂತಿತು. ಹಾಗಾದರೆ ಆಚಾರ್ಯರು ತಪ್ಪಿದರೇ ಎಂದು ಅವನು ಕೇಳಿದನು. ತರಗತಿಯೆಲ್ಲ ನನ್ನ ಮುಖವನ್ನು ನೋಡುತ್ತಿತ್ತು. ಅಭಿಮಾನ ನನ್ನ ನಾಲಿಗೆಯನ್ನು ಹಿಡಿದಿತ್ತು, ಆದರೂ ಹೌದೆಂದೆ.

ಆಮೇಲೆ ಕಾರಣವನ್ನು ವಿವರಿಸಿದೆ. ಇಳಿಯುವ ಬದಿಯಲ್ಲಿ ದ್ರವ ಅಂಚಿಗೆ ಸರಿದು ಹೆಚ್ಚು ಬಲದಿಂದ ತಿರುಗಿಸುವುದು ನಿಜ. ಆದರೆ ಏರುವ ಬದಿಯಲ್ಲಿ ಅಚ್ಚಿನ ಹತ್ತಿರವೇ ಹೆಚ್ಚು ಭಾರ ಕೂಡಿಕೊಂಡು ಅದನ್ನು ಸರಿಗಟ್ಟುತ್ತದೆ. ಅಚ್ಚಿನ ಘರ್ಷಣೆ ಉಳಿದ ವೇಗವನ್ನು ತಿಂದುಹಾಕುತ್ತದೆ. ಅಂದು ಹುಡುಗರಿಗೆ ಇನ್ನೊಂದು ತಿದ್ದುಪಡಿಯನ್ನೂ ಹೇಳಿದೆ. ಆಚಾರ್ಯರು ತಿಳಿದಂತೆ ಭೂಮಿ ಅಚಲವಲ್ಲ. ಸಮತೋಲಿತ ಬಲಗಳಿದ್ದರೆ ನಿಂತದ್ದು ನಿಂತಿರುತ್ತದೆ, ಚಲಿಸುವುದು ನೇರವಾಗಿ ಒಂದೇ ವೇಗದಲ್ಲಿ ಚಲಿಸುತ್ತದೆ ಎಂದು 1687ರಲ್ಲಿ ನ್ಯೂಟನ್ನರು ನಿಯಮವಾಗಿ ನಿರೂಪಿಸಿದರು. ಭೂಮಿಯ ಮೇಲೆ ಸೂರ್ಯನ ಸೆಳೆತಕ್ಕೆ ಎದುರು ಬಲವಿಲ್ಲ. ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಾಗುವ ಭೂಮಿಯ ದಾರಿಯನ್ನು ಆ ಅಸಮತೋಲಿತ ಬಲವೇ ಕ್ಷಣಕ್ಷಣಕ್ಕೂ ಬಾಗಿಸುತ್ತಿದೆ.

ಆ ದಿನ ನನ್ನ ದೃಷ್ಟಿಯಲ್ಲಿ ಆಚಾರ್ಯರು ಕುಗ್ಗಲಿಲ್ಲ. ಹೊತ್ತವರನ್ನು ಹೊತ್ತವರಾರೆಂದು ಕೇಳುವ ಧೈರ್ಯವನ್ನು ಕಲಿಸಿದವರು ಅವರೇ. ಅವರ ಚಕ್ರವನ್ನು ತಿರುಗಿಸಿ ನೋಡಿದ ಹುಡುಗ ಅವರ ದಾರಿಯಲ್ಲಿಯೇ ನಡೆದಿದ್ದನು. ಅಲ್ಲಿಂದ ಮುಂದೆ ಪ್ರತಿವರ್ಷವೂ ಪಾಠದ ಕೊನೆಗೆ ಆ ಗಾಲಿಯನ್ನು ಮೇಜಿನ ಮೇಲಿಟ್ಟು ತಿರುಗಿಸುತ್ತಿದ್ದೆ. ಅದು ನಿಲ್ಲುವವರೆಗೆ ಹುಡುಗರೊಡನೆ ನಾನೂ ಕಾಯುತ್ತಿದ್ದೆ.