ಪೂಜೆ ನಿಲ್ಲಿಸಿದ ಗುರು ವಿವಾಲ್ಡಿ

ವಿವಾಲ್ಡಿ ಎಂದೊಡನೆ ನಮಗೆ ನೆನಪಾಗುವುದು ವಯೊಲಿನ್. ಅವರು ಕಥೋಲಿಕ ಧರ್ಮಗುರುವಾಗಿದ್ದರು ಎಂಬುದು ಹಲವರಿಗೆ ತಿಳಿದಿಲ್ಲ.

ಅಂತೋನಿಯೊ ವಿವಾಲ್ಡಿ 1678ರ ಮಾರ್ಚ್ 4ರಂದು ವೆನಿಸ್ ನಗರದಲ್ಲಿ ಜನಿಸಿದರು. 1703ರಲ್ಲಿ ಗುರುದೀಕ್ಷೆ ಪಡೆದರು. ಕೂದಲಿನ ಬಣ್ಣದಿಂದಾಗಿ ಜನರಿಗೆ ಅವರು 'ಕೆಂಪು ಗುರು'. ಹುಟ್ಟಿನಿಂದಲೇ ಎದೆಬಿಗಿತದ ಕಾಯಿಲೆಯಿತ್ತು. ದೀಕ್ಷೆಯಾಗಿ ವರ್ಷ ಕಳೆದ ಸ್ವಲ್ಪದರಲ್ಲೇ ಬಲಿಪೂಜೆ ಅರ್ಪಿಸುವುದನ್ನು ನಿಲ್ಲಿಸಿದರು. ಗುರುವೊಬ್ಬರಿಗೆ ಅದೆಂಥ ನೋವು ಎಂಬುದನ್ನು ನಾವು ಊಹಿಸಬಲ್ಲೆವು.

1703ರಲ್ಲೇ ಅವರು ಪಿಯೆತಾ ಎಂಬ ಅನಾಥಾಲಯದಲ್ಲಿ ವಯೊಲಿನ್ ಶಿಕ್ಷಕರಾದರು. ಹೆತ್ತವರು ಬಿಟ್ಟುಹೋದ ಹೆಣ್ಣುಮಕ್ಕಳಲ್ಲಿ ಪ್ರತಿಭಾವಂತರಿಗೆ ಅಲ್ಲಿ ಸಂಗೀತವೇ ಕಾಯಕ. ದೇವಾಲಯದಲ್ಲಿ ಜಾಲರಿಯ ಮರೆಯಿಂದ ಅವರು ಹಾಡುವುದನ್ನು ಕೇಳಲು ದೂರದ ದೇಶಗಳವರೂ ಬರುತ್ತಿದ್ದರು. 1713ರಲ್ಲಿ ಗಾಯನವೃಂದದ ನಿರ್ದೇಶಕರು ರಜೆಯ ಮೇಲೆ ಹೋದವರು ಮರಳಲಿಲ್ಲ. ಆರಾಧನೆಗೆ ಸಂಗೀತ ರಚಿಸುವ ಹೊಣೆ ವಿವಾಲ್ಡಿಯವರ ಹೆಗಲಿಗೆ ಬಿತ್ತು. 1716ರಲ್ಲಿ ಯೂದಿತಳ ಕಥೆಯನ್ನು ಸಂಗೀತಕ್ಕೆ ಅಳವಡಿಸಿದಾಗ ಸೇನಾಪತಿ ಹೊಲೊಫೆರ್ನೆಸನ ಪಾತ್ರವನ್ನೂ ಹೆಣ್ಣುದನಿಯೇ ಹಾಡಿತು. ಗಂಡುದನಿ ಸಿಗಲಿಲ್ಲವೆಂದು ಕೈಚೆಲ್ಲುವ ನಮ್ಮ ಗಾಯನವೃಂದಗಳು ಗಮನಿಸಲಿ!

1737ರಲ್ಲಿ ಫೆರಾರದ ಕಾರ್ಡಿನಲ್ ರುಫೊ ಅವರು, ಪೂಜೆ ಅರ್ಪಿಸದ, ಗಾಯಕಿ ಅನ್ನಾ ಜಿರೊ ಜೊತೆ ಸ್ನೇಹವಿರುವ ಈ ಗುರು ತಮ್ಮ ನಗರಕ್ಕೆ ಬರಕೂಡದೆಂದರು. ಕಾಯಿಲೆಯೇ ಕಾರಣ, ಸ್ನೇಹ ನಿಷ್ಕಳಂಕ ಎಂದು ವಿವಾಲ್ಡಿ ವಿವರಿಸಿದರು. ಒಪೆರಾಗಳಿಗಾಗಿ ಊರೂರು ತಿರುಗಲು ಇದ್ದ ಉಸಿರು ಪೀಠದ ಮುಂದೆ ಏಕಿರಲಿಲ್ಲ? ಪ್ರಶ್ನೆ ಅನ್ಯಾಯದ್ದಲ್ಲ. ಆದರೂ ರೋಗಿಯ ಮಾತನ್ನು ನಂಬಲು ನಮಗೆ ಮನಸ್ಸಾಗುತ್ತದೆ.

1741ರ ಜುಲೈಯಲ್ಲಿ ಅವರು ವಿಯೆನ್ನಾದಲ್ಲಿ ಬಡವರಾಗಿ ತೀರಿಕೊಂಡರು. ಅವರ ಸಂಗೀತವನ್ನೂ ಜನ ಮರೆತರು. 1926ರಲ್ಲಿ ಇಟಲಿಯ ಸಲೇಶಿಯನ್ ಶಾಲೆಯೊಂದರಲ್ಲಿ ಅವರ ಹಸ್ತಪ್ರತಿಗಳ ಒಂದು ಭಾಗ ದೊರೆಯಿತು. 1939ರಲ್ಲಿ ಸಿಯೆನಾ ನಗರದಲ್ಲಿ ಅವರ 'ಗ್ಲೋರಿಯ' ಮತ್ತೆ ಕೇಳಿಬಂತು.