ರಾಬಿನ್ ಹುಡ್‌ಗೆ ಅರ್ಲ್ ಪಟ್ಟ ಕಟ್ಟಿದ್ದು ಯಾರು?

ರಾಬಿನ್ ಹುಡ್ ಅಂದ್ರೆ ಆಸ್ತಿ ಕಳೆದುಕೊಂಡ ಸಾಮಂತ, ರಿಚರ್ಡ್ ದೊರೆಯ ನಿಷ್ಠಾವಂತ ಅಂತ ನಾವು ಸಿನಿಮಾದಿಂದ ಕಲಿತಿದ್ದೇವೆ. ಇಂಗ್ಲೆಂಡಿನ ಹಳೆಯ ಲಾವಣಿಗಳಲ್ಲಿ ಇವೆರಡೂ ಇಲ್ಲ.

1377ರ ಸುಮಾರಿನ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲೊಬ್ಬ ಸೋಮಾರಿ ಪಾದ್ರಿ ಬರ್ತಾನೆ. ಅವನಿಗೆ ಪ್ರಾರ್ಥನೆ ನೆಟ್ಟಗೆ ಬರಲ್ಲ, ರಾಬಿನ್ ಪದಗಳು ಗೊತ್ತು. ಆ ಪದಗಳ ರಾಬಿನ್ ಬರೀ ಯೋಮನ್, ಅಂದ್ರೆ ಬಿರುದು-ಬಾವಲಿ ಇಲ್ಲದ ಸ್ವತಂತ್ರ ಮನುಷ್ಯ. 1500ರ ಆಸುಪಾಸು ಅಚ್ಚಾದ ದೀರ್ಘ ಲಾವಣಿಯಲ್ಲಿ ದೊರೆಯ ಹೆಸರು ಎಡ್ವರ್ಡ್. ಉಳುವ ರೈತನನ್ನು ಮುಟ್ಟಬೇಡಿ, ಬಿಷಪ್ಪರನ್ನೂ ಶೆರೀಫನನ್ನೂ ಬಿಡಬೇಡಿ ಅಂತ ರಾಬಿನ್ ತನ್ನವರಿಗೆ ಹೇಳ್ತಾನೆ. ಕೊನೆಗೆ ಚಿಕಿತ್ಸೆಗೆಂದು ರಕ್ತ ತೆಗೆಸಿಕೊಳ್ಳಲು ಹೋದಾಗ ಸಂಬಂಧಿಕಳೇ ಆದ ಸನ್ಯಾಸಿನಿಯ ಮೋಸಕ್ಕೆ ಬಲಿಯಾಗ್ತಾನೆ.

1521ರಲ್ಲಿ ಇತಿಹಾಸಕಾರ ಜಾನ್ ಮೇಜರ್ ಅವನನ್ನು ರಿಚರ್ಡ್ ಕಾಲಕ್ಕೆ ಸಾಗಿಸಿದ. 1598ರಲ್ಲಿ ನಾಟಕಕಾರ ಆಂಥೊನಿ ಮಂಡೆ ಹಂಟಿಂಗ್ಟನ್ನಿನ ಅರ್ಲ್ ಮಾಡಿಬಿಟ್ಟ. ಅಲ್ಲಿಗೆ ಬಂಡಾಯ ಹೋಗಿ ಆಸ್ತಿ ವ್ಯಾಜ್ಯ ಉಳೀತು. ಫ್ರೆಂಚ್ ಕ್ರಾಂತಿಯ ಅಭಿಮಾನಿ ಜೋಸೆಫ್ ರಿಟ್ಸನ್ 1795ರಲ್ಲಿ ಲಾವಣಿಗಳನ್ನು ಸಂಗ್ರಹಿಸಿ ರಾಬಿನ್‌ನನ್ನು ದಬ್ಬಾಳಿಕೆಯ ಶತ್ರು ಅಂದ. ಆದ್ರೆ ಅವನಿಗೂ ಆ ಅರ್ಲ್ ಪಟ್ಟ ಕಿತ್ತುಹಾಕೋಕೆ ಮನಸ್ಸಾಗಲಿಲ್ಲ ನೋಡಿ!

1953ರಲ್ಲಿ ಅಮೆರಿಕದ ಇಂಡಿಯಾನಾದ ಪಠ್ಯಪುಸ್ತಕ ಆಯೋಗದ ಸದಸ್ಯೆಯೊಬ್ಬರಿಗೆ ಮಾತ್ರ ಅವನು ಕಮ್ಯುನಿಸ್ಟನಾಗಿ ಕಂಡ, ಕಥೆ ತೆಗೆಯಿರಿ ಅಂದ್ರು. ಮರುವರ್ಷ ಅಲ್ಲಿನ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಕೋಳಿ ಪುಕ್ಕಕ್ಕೆ ಹಸಿರು ಬಣ್ಣ ಬಳಿದು ಕ್ಯಾಂಪಸ್ಸಿನ ತುಂಬ ಸಿಕ್ಕಿಸಿದರು.